ಅಂಕಣ ಬಿಟ್ಟ ಮೇಲೂ ಬಿಡದ ಏಟು

ಮಳೆಗಾಲ ಕಳೆದು ಬೈಲುಗದ್ದೆಗಳಲ್ಲಿ ಕೊಯ್ಲು ಮುಗಿಯಿತೆಂದರೆ ತುಳುನಾಡಿನ ರಾತ್ರಿಗಳಿಗೆ ಹೊಸ ಕಳೆ ಬರುತ್ತದೆ. ಒಂದು ಊರಿನಲ್ಲಿ ಯಕ್ಷಗಾನದ ಚೆಂಡೆ ಮೊಳಗುತ್ತಿದ್ದರೆ, ನೆರೆಯೂರಿನ ಶಾಲಾ ಮೈದಾನದಲ್ಲಿ ಎತ್ತರದ ಕಂಬಗಳ ಮೇಲೆ ದೀಪಗಳು ಹೊತ್ತಿಕೊಂಡಿರುತ್ತವೆ. ಬಂಟ್ವಾಳದ ನೇತ್ರಾವತಿ ತೀರದಿಂದ ಬೆಳ್ತಂಗಡಿಯ ಘಟ್ಟದ ತಪ್ಪಲಿನವರೆಗೆ, ಇತ್ತ ಬಸದಿಗಳ ಊರಾದ ಮೂಡುಬಿದಿರೆಯವರೆಗೆ, ರಸ್ತೆಯ ತಿರುವುಗಳಲ್ಲಿ ಕಟ್ಟಿದ ಬ್ಯಾನರುಗಳ ಮೇಲೆ ಒಂದೇ ಒಕ್ಕಣೆ: ‘ಹೊನಲು ಬೆಳಕಿನ ಕಬಡ್ಡಿ ಪಂದ್ಯಾಟ’. ಯುವಕ ಮಂಡಲದವರು ವಾರಗಟ್ಟಲೆ ದುಡಿದು ಅಂಕಣ ಸಿದ್ಧಪಡಿಸಿರುತ್ತಾರೆ. ಚರುಮುರಿಯ ಗಾಡಿಗಳ ಸುತ್ತ ಮಕ್ಕಳು ನೆರೆದಿರುತ್ತಾರೆ. ಧ್ವನಿವರ್ಧಕದಲ್ಲಿ ವೀಕ್ಷಕ ವಿವರಣೆಗಾರನ ಮಾತು ಕನ್ನಡದಿಂದ ತುಳುವಿಗೆ, ತುಳುವಿನಿಂದ ಕನ್ನಡಕ್ಕೆ ಜಿಗಿಯುತ್ತಿರುತ್ತದೆ. ನಡುರಾತ್ರಿ ಕಳೆದರೂ ಜನ ಕದಲುವುದಿಲ್ಲ.

ಇಂಥ ಪಂದ್ಯಾಟಗಳಲ್ಲಿ ಪದೇ ಪದೇ ಕಾಣುವ ಒಂದು ದೃಶ್ಯವಿದೆ. ದಾಳಿಗಾರನು ಎದುರಾಳಿಗಳ ಪಾಳೆಯದೊಳಕ್ಕೆ ನುಗ್ಗಿ ಒಬ್ಬನನ್ನು ಮುಟ್ಟಿ ಹಿಂದಿರುಗುತ್ತಾನೆ. ಅಷ್ಟರಲ್ಲಿ ಮೂವರು ಅವನನ್ನು ಎತ್ತಿ ಕೆಡಹುತ್ತಾರೆ. ಬೆನ್ನು ನೆಲ ಮುಟ್ಟುವುದಕ್ಕೆ ಮೊದಲೇ ಹಿಂದಲೆ ನೆಲಕ್ಕೆ ಬಡಿಯುತ್ತದೆ. ಒಂದು ಕ್ಷಣ ಸಭೆ ಸ್ತಬ್ಧ. ಸಂಗಡಿಗರು ಓಡಿ ಬಂದು ಮುಖಕ್ಕೆ ನೀರು ಚಿಮುಕಿಸುತ್ತಾರೆ. ‘ಎಂತ ಆಯ್ತು ಮಾರಾಯ?’ ಎಂದು ಕೇಳುತ್ತಾರೆ. ಅವನು ತಲೆ ಕೊಡವಿಕೊಂಡು ಎದ್ದು ನಿಂತು, ‘ಎಂತ ಇಲ್ಲ’ ಎನ್ನುತ್ತಾನೆ. ಮೈದಾನವೆಲ್ಲ ಚಪ್ಪಾಳೆ. ಎರಡು ನಿಮಿಷಗಳಲ್ಲಿ ಅವನು ಮತ್ತೆ ದಾಳಿಗೆ ಹೊರಡುತ್ತಾನೆ.

ಆ ಚಪ್ಪಾಳೆ ಪ್ರೀತಿಯಿಂದ ಬಂದದ್ದು, ಸಂದೇಹವಿಲ್ಲ. ಆದರೆ ಕಳೆದ ಒಂದು ಶತಮಾನದಲ್ಲಿ ಮಿದುಳಿನ ವೈದ್ಯರು ಕಲಿತುಕೊಂಡಿರುವ ವಿಷಯವನ್ನು ನೋಡಿದರೆ, ಅದು ಅಪಾಯದ ಹೊತ್ತಿನಲ್ಲಿ ಬಿದ್ದ ಚಪ್ಪಾಳೆ. ಮೊಣಕಾಲು ಮುರಿದವನನ್ನು ನಾಲ್ವರು ಹೊತ್ತು ಹೊರಗೆ ತರುತ್ತಾರೆ. ಅವನಿಗೆ ಚಿಕಿತ್ಸೆ ದೊರೆಯುತ್ತದೆ. ತಲೆಗೆ ಏಟು ಬಿದ್ದವನು ತನ್ನ ಕಾಲ ಮೇಲೆಯೇ ನಿಂತಿರುವುದರಿಂದ ಅವನಿಗೆ ಏನೂ ಆಗಿಲ್ಲವೆಂದೇ ಎಲ್ಲರೂ ತಿಳಿಯುತ್ತಾರೆ. ಕೆಲವರ ಪಾಲಿಗೆ ಆ ಏಟುಗಳ ಲೆಕ್ಕ ತೀರುವುದು ಇಪ್ಪತ್ತು ಮೂವತ್ತು ವರ್ಷಗಳು ಕಳೆದ ಮೇಲೆ. ಅಂಕಣದಲ್ಲಿ ಅಲ್ಲ, ಮನೆಯ ಚಾವಡಿಯಲ್ಲಿ.

ಬುರುಡೆಯೊಳಗೆ ನಡೆಯುವುದೇನು?

ಪ್ರಾಯ ಬಂದ ಮನುಷ್ಯನ ಮಿದುಳು ಸುಮಾರು 1,400 ಗ್ರಾಂ ತೂಗುತ್ತದೆ. ಅದು ಬೆಣ್ಣೆಯಂತೆ ಮೆತುವಾದ ವಸ್ತು. ಬುರುಡೆಯೆಂಬ ಗಟ್ಟಿ ಪೆಟ್ಟಿಗೆಯೊಳಗೆ, ತಿಳಿಯಾದ ಒಂದು ದ್ರವದಲ್ಲಿ ಅದು ತೇಲುತ್ತಿರುತ್ತದೆ. ಎಳನೀರನ್ನು ಕೈಯಲ್ಲಿ ಹಿಡಿದು ಜೋರಾಗಿ ಅಲುಗಿಸಿ ಒಮ್ಮೆಲೆ ನಿಲ್ಲಿಸಿದರೆ, ಹೊರಗಿನ ಕಾಯಿ ನಿಂತರೂ ಒಳಗಿನ ನೀರು ನಿಲ್ಲುವುದಿಲ್ಲ. ತಲೆಯ ಸಂಗತಿಯೂ ಹಾಗೆಯೇ. ವೇಗವಾಗಿ ಚಲಿಸುತ್ತಿದ್ದ ತಲೆ ತಟ್ಟನೆ ನಿಂತಾಗ ಅಥವಾ ಒಂದು ಪಕ್ಕಕ್ಕೆ ತಿರುಚಿಕೊಂಡಾಗ, ಒಳಗಿನ ಮಿದುಳು ಇನ್ನೂ ಚಲಿಸುತ್ತಲೇ ಇರುತ್ತದೆ. ಅದರೊಳಗಿನ ಎಳೆ ಎಳೆಯಾದ ನರತಂತುಗಳು ಆಗ ಹಿಗ್ಗಿ ಸೆಳೆಯಲ್ಪಡುತ್ತವೆ. ಮಿದುಳಿನ ಈ ಅಲುಗಾಟವನ್ನೇ ವೈದ್ಯರು ಕನ್ಕಷನ್ ಎಂದು ಕರೆಯುವರು.

ನರಕೋಶದ ಗೋಡೆ ಹೀಗೆ ಹಿಗ್ಗಿದಾಗ ಕೋಶದೊಳಗಿನ ಪೊಟ್ಯಾಸಿಯಂ ಹೊರಕ್ಕೂ, ಹೊರಗಿನ ಕ್ಯಾಲ್ಸಿಯಂ ಒಳಕ್ಕೂ ನುಗ್ಗುತ್ತವೆ. ಕೆಟ್ಟುಹೋದ ಈ ಸಮತೋಲವನ್ನು ಸರಿಪಡಿಸಲು ಕೋಶಕ್ಕೆ ಬಹಳ ಶಕ್ತಿ ಬೇಕು. ಅದೇ ಹೊತ್ತಿನಲ್ಲಿ ಅದಕ್ಕೆ ಒದಗುವ ರಕ್ತ ಕಡಿಮೆಯಾಗಿರುತ್ತದೆ. ಕೆಲಸ ಹೆಚ್ಚು, ಕೂಳು ಕಡಿಮೆ ಎಂಬಂಥ ಈ ಸಂಕಟ ಕೆಲವು ದಿನಗಳವರೆಗೆ ಇರುತ್ತದೆ. ಆ ಅವಧಿಯಲ್ಲಿ ಬೀಳುವ ಎರಡನೆಯ ಏಟು, ಮೊದಲನೆಯದಕ್ಕಿಂತ ಹಗುರವಾಗಿದ್ದರೂ, ಹೆಚ್ಚು ಕೇಡು ಮಾಡಬಲ್ಲದು. ಎಳೆಯ ವಯಸ್ಸಿನ ಆಟಗಾರರಲ್ಲಿ ಅಪರೂಪಕ್ಕೆ ಮಿದುಳು ಒಮ್ಮೆಲೇ ಊದಿಕೊಂಡು ಪ್ರಾಣಹಾನಿಯಾದದ್ದೂ ಉಂಟು.

ಈ ಏಟು ಕಣ್ಣಿಗೆ ಕಾಣದಿರುವುದಕ್ಕೆ ಎರಡು ಕಾರಣಗಳಿವೆ. ಒಂದನೆಯದು, ಎಚ್ಚರ ತಪ್ಪಿದರೆ ಮಾತ್ರ ಮಿದುಳಿಗೆ ಪೆಟ್ಟಾಗಿದೆ ಎಂಬ ನಂಬಿಕೆ. ವಾಸ್ತವವಾಗಿ ಇಂಥ ಹತ್ತು ಪ್ರಸಂಗಗಳಲ್ಲಿ ಒಂಬತ್ತರಲ್ಲಿ ಆಟಗಾರನಿಗೆ ಎಚ್ಚರ ತಪ್ಪುವುದೇ ಇಲ್ಲ. ಕಣ್ಣಿಗೆ ಕತ್ತಲೆ ಕವಿಯುವುದು, ತಲೆನೋವು, ಓಕರಿಕೆ, ಬೆಳಕು ಮತ್ತು ಗದ್ದಲ ಸಹಿಸದಿರುವುದು, ಅಂಕ ಎಷ್ಟಾಗಿದೆಯೆಂಬುದು ಮರೆತುಹೋಗುವುದು, ಕೇಳಿದ್ದಕ್ಕೆ ತಡವಾಗಿ ಉತ್ತರಿಸುವುದು, ಇವೇ ಅದರ ಗುರುತುಗಳು. ಎರಡನೆಯದು, ಆಸ್ಪತ್ರೆಯಲ್ಲಿ ತೆಗೆಯುವ ಸಿ.ಟಿ. ಸ್ಕ್ಯಾನು. ಬುರುಡೆಯ ಬಿರುಕು, ರಕ್ತಸ್ರಾವ ಇವನ್ನು ಅದು ತೋರಿಸುತ್ತದೆ. ನರತಂತುಗಳ ಈ ಸೂಕ್ಷ್ಮ ಸೆಳೆತವನ್ನು ತೋರಿಸುವುದಿಲ್ಲ. ‘ಸ್ಕ್ಯಾನಿನಲ್ಲಿ ಏನೂ ಇಲ್ಲ’ ಎಂದರೆ ಜೀವಕ್ಕೆ ತಕ್ಷಣದ ಅಪಾಯವಿಲ್ಲವೆಂದು ಅರ್ಥವೇ ಹೊರತು, ನಾಳೆಯೇ ಆಡಬಹುದೆಂದಲ್ಲ.

ಒಂದು ಸಲದ ಅಲುಗಾಟದಿಂದ ಬಹುಪಾಲು ಜನ ಪೂರ್ತಿಯಾಗಿ ಚೇತರಿಸಿಕೊಳ್ಳುತ್ತಾರೆ. ದೊಡ್ಡವರಿಗೆ ಸಾಮಾನ್ಯವಾಗಿ ಎರಡು ವಾರಗಳು, ಮಕ್ಕಳಿಗೆ ನಾಲ್ಕು ವಾರಗಳು ಸಾಕಾಗುತ್ತವೆ. ಕಳವಳಕ್ಕೆ ಕಾರಣವಾಗಿರುವುದು ಆ ಒಂದು ಏಟಲ್ಲ. ವರ್ಷಗಟ್ಟಲೆ ಒಂದರ ಮೇಲೊಂದು ಬೀಳುವ ಏಟುಗಳು.

ಮುಷ್ಟಿಕಾಳಗದವರು ಕಲಿಸಿದ ಪಾಠ

ಈ ವಿಷಯ ಮೊದಲು ಬೆಳಕಿಗೆ ಬಂದದ್ದು ಬಾಕ್ಸಿಂಗಿನಿಂದ. 1928ರಲ್ಲಿ ಹ್ಯಾರಿಸನ್ ಮಾರ್ಟ್‌ಲೆಂಡ್ ಎಂಬ ಅಮೆರಿಕದ ವೈದ್ಯನು ಒಂದು ಲೇಖನ ಪ್ರಕಟಿಸಿದ. ವರ್ಷಾನುಗಟ್ಟಲೆ ತಲೆಗೆ ಗುದ್ದು ತಿಂದ ಮುಷ್ಟಿಮಲ್ಲರು ಮುಂದೆ ಕುಡಿದವರಂತೆ ತಡವರಿಸಿ ನಡೆಯುವರು, ಅವರ ಮಾತು ತೊದಲುವುದು, ಕೈ ನಡುಗುವುದು, ಬುದ್ಧಿ ಮಂಕಾಗುವುದು ಎಂದು ಅವನು ವಿವರಿಸಿದ. 1973ರಲ್ಲಿ ಇಂಗ್ಲೆಂಡಿನ ಕಾರ್ಸೆಲಿಸ್ ಮತ್ತು ಸಂಗಡಿಗರು, ತೀರಿಕೊಂಡ 15 ಮಂದಿ ಮುಷ್ಟಿಮಲ್ಲರ ಮಿದುಳುಗಳನ್ನು ಪರೀಕ್ಷಿಸಿ ಅವುಗಳಲ್ಲಿ ಆಗಿದ್ದ ಹಾನಿಯ ಸ್ವರೂಪವನ್ನು ಬರೆದಿಟ್ಟರು. ಆದರೂ ಬಹುಕಾಲ ಇದು ಬಾಕ್ಸಿಂಗಿನವರ ಕಾಯಿಲೆಯೆಂದೇ ಲೋಕ ಭಾವಿಸಿತ್ತು. ತಲೆಗೆ ಗುದ್ದುವುದೇ ಆಟವಾದಲ್ಲಿ ತಲೆ ಕೆಡದಿರುತ್ತದೆಯೆ ಎಂದು ಸುಮ್ಮನಾಗಿತ್ತು.

ಆ ಸಮಾಧಾನವನ್ನು ಕದಡಿದ್ದು ಮೈಕ್ ವೆಬ್‌ಸ್ಟರ್ ಎಂಬಾತನ ಮರಣ. ಆತ ಪಿಟ್ಸ್‌ಬರ್ಗ್ ಸ್ಟೀಲರ್ಸ್ ತಂಡದಲ್ಲಿ ಅಮೆರಿಕನ್ ಫುಟ್‌ಬಾಲ್ ಆಡಿ ನಾಲ್ಕು ಬಾರಿ ರಾಷ್ಟ್ರದ ಅತ್ಯುನ್ನತ ಪಂದ್ಯ ಗೆದ್ದ ತಂಡದಲ್ಲಿದ್ದವನು; ಲಕ್ಷಾಂತರ ಜನರ ಕಣ್ಮಣಿ. ಆಟ ಬಿಟ್ಟ ಮೇಲೆ ನೆನಪು ಕೈಕೊಟ್ಟಿತು, ಸಂಸಾರ ಒಡೆಯಿತು, ಹಣ ಕರಗಿತು. ಕೆಲವು ದಿನ ತನ್ನ ವಾಹನದಲ್ಲಿಯೇ ಮಲಗಿ ರಾತ್ರಿ ಕಳೆದ. 2002ರಲ್ಲಿ, 50ನೆಯ ವಯಸ್ಸಿನಲ್ಲಿ ತೀರಿಕೊಂಡ. ನೈಜೀರಿಯಾದಲ್ಲಿ ಹುಟ್ಟಿ ಅಮೆರಿಕಕ್ಕೆ ಹೋಗಿದ್ದ ಬೆನೆಟ್ ಒಮಾಲು ಎಂಬ ವೈದ್ಯರು ಅವನ ಶವಪರೀಕ್ಷೆ ನಡೆಸಿದರು. ಹೊರನೋಟಕ್ಕೆ ಮಿದುಳು ಚೆನ್ನಾಗಿಯೇ ಇತ್ತು. ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿದಾಗ ಟೌ ಎಂಬ ಪ್ರೋಟೀನು ನರಕೋಶಗಳೊಳಗೆ ಗಂಟುಗಂಟಾಗಿ ಕಟ್ಟಿಕೊಂಡಿತ್ತು. 2005ರಲ್ಲಿ ಒಮಾಲು ಈ ವರದಿಯನ್ನು ಪ್ರಕಟಿಸಿದರು. ಕ್ರಾನಿಕ್ ಟ್ರಾಮಾಟಿಕ್ ಎನ್‌ಸೆಫಲೋಪತಿ, ಚಿಕ್ಕದಾಗಿ ಸಿ.ಟಿ.ಇ., ಎಂಬ ಹೆಸರು ಅಲ್ಲಿಂದ ಮನೆಮಾತಾಯಿತು. ಆರೋಗ್ಯವಂತ ಮಿದುಳಿನಲ್ಲಿ ಟೌ ಪ್ರೋಟೀನು ನರತಂತುಗಳಿಗೆ ಆಧಾರಗಂಬದಂತೆ ಇರುವುದು. ಏಟಿನ ಸೆಳೆತಕ್ಕೆ ಅದು ಕಳಚಿಕೊಂಡು, ಮಿದುಳಿನ ಮಡಿಕೆಗಳ ಆಳದಲ್ಲಿ, ಸಣ್ಣ ರಕ್ತನಾಳಗಳ ಸುತ್ತ ಜಮೆಯಾಗತೊಡಗುತ್ತದೆ. ಏಟು ಬೀಳುವುದು ನಿಂತ ಮೇಲೂ ಈ ಕ್ರಿಯೆ ಮುಂದುವರಿಯಬಲ್ಲದೆಂಬುದೇ ಅದರ ಭಯಂಕರತೆ.

2017ರಲ್ಲಿ ಬೋಸ್ಟನ್ ವಿಶ್ವವಿದ್ಯಾಲಯದ ಆನ್ ಮೆಕೀ ಮತ್ತು ಸಹೋದ್ಯೋಗಿಗಳು, ಆ ದೇಶದ ಅತ್ಯುನ್ನತ ಲೀಗಿನಲ್ಲಿ ಆಡಿದ್ದ 111 ಮಂದಿಯ ಮಿದುಳುಗಳನ್ನು ಪರೀಕ್ಷಿಸಿ 110ರಲ್ಲಿ ಈ ಕಾಯಿಲೆಯ ಗುರುತು ಕಂಡರು. ಈ ಅಂಕಿಯನ್ನು ಓದುವಾಗ ಎಚ್ಚರ ಬೇಕು. ಬದುಕಿದ್ದಾಗ ತೊಂದರೆ ಕಾಣಿಸಿಕೊಂಡವರ ಕುಟುಂಬಗಳೇ ಹೆಚ್ಚಾಗಿ ಮಿದುಳು ದಾನ ಮಾಡಿರುವುದರಿಂದ, ಆಡಿದವರೆಲ್ಲರಿಗೂ ಇದೇ ಗತಿಯೆಂದು ಅದರಿಂದ ಹೇಳಲಾಗದು. ಆದರೆ ಆಡಿದ ವರ್ಷಗಳು ಹೆಚ್ಚಿದಷ್ಟೂ ಅಪಾಯ ಹೆಚ್ಚುವುದೆಂಬುದು ಮುಂದಿನ ಅಧ್ಯಯನಗಳಿಂದ ಸ್ಪಷ್ಟವಾಗಿದೆ. ಇನ್ನೂ ಒಂದು ವಿಷಯ 2023ರ ಅಧ್ಯಯನದಲ್ಲಿ ಗೊತ್ತಾಯಿತು. ಕಾಯಿಲೆಯ ಪ್ರಮಾಣವನ್ನು ನಿರ್ಧರಿಸುವುದು, ಎಷ್ಟು ಬಾರಿ ಕನ್ಕಷನ್ ಆಯಿತೆಂಬ ಲೆಕ್ಕಕ್ಕಿಂತ, ಜೀವಮಾನದಲ್ಲಿ ತಲೆಗೆ ಬಿದ್ದ ಒಟ್ಟು ಏಟುಗಳ ಬಲ. ಯಾರ ಲೆಕ್ಕಕ್ಕೂ ಬಾರದ ಸಣ್ಣ ಸಣ್ಣ ಏಟುಗಳೂ ಆ ಮೊತ್ತದಲ್ಲಿ ಸೇರಿರುತ್ತವೆ.

ಸ್ಕಾಟ್ಲೆಂಡಿನಿಂದ ಬಂದ ಸಾಕ್ಷ್ಯ ಇನ್ನೂ ಗಟ್ಟಿಯಾದದ್ದು. ಗ್ಲಾಸ್ಗೋದ ವಿಲ್ಲಿ ಸ್ಟೂವರ್ಟ್ ಮತ್ತು ಸಂಗಡಿಗರು 7,676 ಮಂದಿ ಮಾಜಿ ವೃತ್ತಿಪರ ಫುಟ್‌ಬಾಲ್ ಆಟಗಾರರ ಮರಣದ ದಾಖಲೆಗಳನ್ನು, ಅದೇ ವಯಸ್ಸಿನ 23,028 ಮಂದಿ ಸಾಮಾನ್ಯರ ದಾಖಲೆಗಳೊಡನೆ ಹೋಲಿಸಿದರು. 2019ರಲ್ಲಿ ಫಲಿತಾಂಶ ಹೊರಬಂದಿತು. ಮಿದುಳು ಸವೆಯುವ ಕಾಯಿಲೆಗಳಿಂದಾಗುವ ಮರಣ ಆಟಗಾರರಲ್ಲಿ ಸುಮಾರು ಮೂರೂವರೆ ಪಟ್ಟು ಹೆಚ್ಚಾಗಿತ್ತು. 2021ರ ಮುಂದಿನ ವರದಿಯಲ್ಲಿ, ಚೆಂಡಿಗೆ ಹೆಚ್ಚಾಗಿ ತಲೆ ಕೊಡುವ ರಕ್ಷಣಾ ಆಟಗಾರರಲ್ಲಿ ಈ ಕಾಯಿಲೆಗಳು ಸುಮಾರು ಐದು ಪಟ್ಟು ಕಂಡುಬಂದರೆ, ಚೆಂಡಿಗೆ ತಲೆ ಕೊಡದ ಗೋಲುಕೀಪರುಗಳಲ್ಲಿ ಗಣನೀಯವಾದ ಹೆಚ್ಚಳವೇ ಇರಲಿಲ್ಲ. ಇದೇ ಆಟಗಾರರಲ್ಲಿ ಹೃದ್ರೋಗದಿಂದಲೂ ಶ್ವಾಸಕೋಶದ ಕ್ಯಾನ್ಸರಿನಿಂದಲೂ ಸತ್ತವರ ಸಂಖ್ಯೆ ಸಾಮಾನ್ಯರಿಗಿಂತ ಕಡಿಮೆಯಿತ್ತು. ಆಟ ದೇಹವನ್ನು ಕಾಪಾಡುತ್ತದೆ. ತಲೆಗೆ ಬೀಳುವ ಏಟು ಮಿದುಳನ್ನು ಕೆಡಿಸುತ್ತದೆ. ಎರಡೂ ಏಕಕಾಲದಲ್ಲಿ ನಿಜ.

ಕಬಡ್ಡಿಯಲ್ಲಿ ತಲೆಯ ಪಾಡು

ದೂರದೇಶದ ಈ ಆಟಗಳಿಗೂ ನೇತ್ರಾವತಿ ದಂಡೆಯ ಕಬಡ್ಡಿಗೂ ಏನು ಸಂಬಂಧವೆಂದು ಕೇಳಬಹುದು. ಬುರುಡೆಗೆ ದೇಶಭೇದವಿಲ್ಲ, ಏಟಿನ ಕಾರಣ ಚೆಂಡೋ, ಮುಷ್ಟಿಯೋ, ಮೊಣಕಾಲೋ ಎಂದು ನರತಂತು ವಿಚಾರಿಸುವುದಿಲ್ಲ. ಪುರುಷರ ಕಬಡ್ಡಿ ಅಂಕಣದ ಉದ್ದ 13 ಮೀಟರು, ಅಗಲ 10 ಮೀಟರು. ಅದರ ಅರ್ಧದಷ್ಟು ಜಾಗದಲ್ಲಿ, ಒಬ್ಬನ ಮೇಲೆ ಏಳು ಮಂದಿ, 30 ಸೆಕೆಂಡುಗಳ ಒಂದೊಂದು ದಾಳಿ, 40 ನಿಮಿಷಗಳ ಆಟ. ಇಷ್ಟು ಇಕ್ಕಟ್ಟಿನಲ್ಲಿ ಇಷ್ಟು ವೇಗದ ಮೈಗಳು ಸೇರಿದರೆ ತಲೆಗೆ ಏಟು ತಪ್ಪುವುದು ಕಷ್ಟ.

ಆ ಏಟು ಬೀಳುವ ಬಗೆಗಳನ್ನು ಆಟ ಬಲ್ಲವರೆಲ್ಲ ಅರಿತಿದ್ದಾರೆ. ದಾಳಿಗಾರನ ಹಿಮ್ಮಡಿ ಹಿಡಿಯಲು ಹಿಡಿತಗಾರನು ತಲೆ ತಗ್ಗಿಸಿ ನೆಲಕ್ಕೆ ಹಾರುತ್ತಾನೆ; ಬಿಡಿಸಿಕೊಳ್ಳಲು ಒದ್ದಾಡುವ ದಾಳಿಗಾರನ ಮೊಣಕಾಲು ಅವನ ಕೆನ್ನೆಗೋ ಕಿವಿಯ ಮೇಲ್ಗಡೆಗೋ ಬಡಿಯುತ್ತದೆ. ಕೈಕೈ ಹಿಡಿದು ಸರಪಳಿ ಕಟ್ಟಿದ ಇಬ್ಬರು ಒಮ್ಮೆಲೇ ಮುನ್ನುಗ್ಗಿದಾಗ ಅವರ ತಲೆಗಳೇ ಪರಸ್ಪರ ಡಿಕ್ಕಿ ಹೊಡೆಯುತ್ತವೆ. ಗೆರೆ ಮುಟ್ಟಲು ಧಾವಿಸುವವನನ್ನು ಎದೆಯೊಡ್ಡಿ ತಡೆದಾಗ ಅವನ ಕತ್ತು ಚಾಟಿಯಂತೆ ಹಿಂದಕ್ಕೆ ಬಾಗುತ್ತದೆ. ತಲೆ ಏನನ್ನೂ ತಾಗದಿದ್ದರೂ ಮಿದುಳು ಅಲುಗುತ್ತದೆ. ಎತ್ತಿ ಕೆಡಹಿದಾಗ ಹಿಂದಲೆ ನೆಲಕ್ಕೆ ಅಪ್ಪಳಿಸುವುದಂತೂ ಇದ್ದೇ ಇದೆ. ಮಣ್ಣಿನ ಅಂಕಣ ಹೋಗಿ ಮ್ಯಾಟು ಬಂದ ಮೇಲೆ ಮೈ ತರಚುವುದು ಕಡಿಮೆಯಾಯಿತು, ಬೀಳುವ ಪೆಟ್ಟೂ ತುಸು ಮೆದುವಾಯಿತು. ಆದರೆ ತಲೆ ತಿರುಚಿಕೊಳ್ಳುವುದನ್ನು ಮ್ಯಾಟು ತಡೆಯದು. ಶಿರಸ್ತ್ರಾಣ ತೊಟ್ಟರೂ ಅಷ್ಟೆ: ಅದು ಬುರುಡೆ ಒಡೆಯದಂತೆ ಕಾಪಾಡಬಲ್ಲದು, ಒಳಗಿನ ಅಲುಗಾಟವನ್ನು ತಡೆಯಲಾರದು.

ಕರಾವಳಿಯ ಆಟಗಾರನ ವರ್ಷವನ್ನು ನೋಡಿದರೆ ಈ ಮಾತಿನ ತೂಕ ತಿಳಿಯುತ್ತದೆ. ಹುಡುಗನು ಪ್ರೌಢಶಾಲೆಯಲ್ಲಿ ಆಡತೊಡಗುತ್ತಾನೆ. ಉಜಿರೆ, ಮೂಡುಬಿದಿರೆಗಳ ವಿದ್ಯಾಸಂಸ್ಥೆಗಳು ಕ್ರೀಡೆಗೆ ಕೊಟ್ಟಿರುವ ಪ್ರೋತ್ಸಾಹ ನಾಡಿಗೇ ತಿಳಿದದ್ದು. ಪ್ರತಿಭೆಯಿದ್ದವನಿಗೆ ಕಾಲೇಜು ತಂಡದ ಬಾಗಿಲು ತೆರೆಯುತ್ತದೆ. ಜತೆಗೆ ಊರಿನ ಯುವಕ ಮಂಡಲದ ತಂಡ, ತೂಕದ ವಿಭಾಗಗಳ ಪಂದ್ಯಾಟ, ಮುಕ್ತ ಪಂದ್ಯಾಟ. ಶನಿವಾರ ರಾತ್ರಿ ಒಂದೂರು, ಭಾನುವಾರ ಇನ್ನೊಂದೂರು. ಒಂದೇ ರಾತ್ರಿಯಲ್ಲಿ, ಗೆದ್ದಷ್ಟೂ, ಮೂರು ನಾಲ್ಕು ಪಂದ್ಯಗಳು. ನಿದ್ದೆಗೆಟ್ಟು ದಣಿದ ದೇಹ ಬೆಳಗಿನ ಜಾವ ಅಂತಿಮ ಪಂದ್ಯಕ್ಕೆ ಇಳಿಯುತ್ತದೆ. ಉತ್ತಮ ದಾಳಿಗಾರ, ಉತ್ತಮ ಹಿಡಿತಗಾರ, ಸವ್ಯಸಾಚಿ ಎಂಬ ಬಹುಮಾನಗಳು ಆಗಲೇ ನಿರ್ಧಾರವಾಗುವುದು. ಮೊದಲ ಪಂದ್ಯದಲ್ಲಿ ತಲೆಗೆ ಏಟು ಬಿದ್ದವನು ‘ನಾನು ಕುಳಿತುಕೊಳ್ಳುತ್ತೇನೆ’ ಎನ್ನುವುದು ಅಲ್ಲಿ ಸುಲಭವಲ್ಲ.

ಅವನ ಮುಂದೆ ಆಸೆಯೂ ದೊಡ್ಡದಿದೆ. 1990ರಲ್ಲಿ ಬೀಜಿಂಗಿನ ಏಷ್ಯನ್ ಕ್ರೀಡಾಕೂಟದಲ್ಲಿ ಕಬಡ್ಡಿ ಪದಕದ ಆಟವಾಯಿತು. 2014ರಲ್ಲಿ ಪ್ರೊ ಕಬಡ್ಡಿ ಲೀಗು ಆರಂಭವಾಗಿ, ಹಳ್ಳಿಯ ಆಟಗಾರನ ಮುಖ ದೂರದರ್ಶನದ ಪರದೆಯ ಮೇಲೆ ಬಂದಿತು. ಕಾರ್ಕಳ ತಾಲೂಕಿನ ಹೆರ್ಮುಂಡೆಯ ಮಮತಾ ಪೂಜಾರಿ 2012ರ ವಿಶ್ವಕಪ್ ಗೆದ್ದ ಮಹಿಳಾ ತಂಡದ ನಾಯಕಿಯಾಗಿ, ಮುಂದೆ ಅರ್ಜುನ ಪ್ರಶಸ್ತಿ ಪಡೆದರು. ಅವರನ್ನು ಕಂಡು ಎಷ್ಟೋ ಹೆಣ್ಣುಮಕ್ಕಳು ಅಂಕಣಕ್ಕಿಳಿದಿದ್ದಾರೆ. ಹುಡುಗರೂ ಹುಡುಗಿಯರೂ ಆಡುವ ಆಟಗಳನ್ನು ಹೋಲಿಸಿದಾಗ, ಕನ್ಕಷನ್ನಿನ ಪ್ರಮಾಣ ಹುಡುಗಿಯರಲ್ಲಿ ಹೆಚ್ಚೆಂದು ಹಲವು ಅಧ್ಯಯನಗಳು ಕಂಡುಕೊಂಡಿವೆ. ಮಗಳನ್ನು ಆಡಲು ಕಳಿಸುವ ತಾಯಿತಂದೆಯರು ಇದನ್ನೂ ತಿಳಿದಿರಬೇಕು. ಆಟದಿಂದ ಪೊಲೀಸು, ರೈಲ್ವೆ, ಬ್ಯಾಂಕುಗಳಲ್ಲಿ ಉದ್ಯೋಗ ದೊರೆಯುವುದೂ ಉಂಟು. ಎಷ್ಟೋ ಸಂಸಾರಗಳನ್ನು ಕಬಡ್ಡಿ ಎತ್ತಿ ನಿಲ್ಲಿಸಿದೆ. ಆದಕಾರಣ ಆಟವನ್ನೇ ಹಳಿಯುವುದು ಈ ಲೇಖನದ ಉದ್ದೇಶವಲ್ಲ.

ಮನೆಯವರ ಕಣ್ಣಿಗೆ ಬೀಳುವುದು

ಆಟ ಬಿಟ್ಟು ಇಪ್ಪತ್ತು ವರ್ಷಗಳಾದ ಒಬ್ಬ ಆಟಗಾರನನ್ನು ಊಹಿಸಿಕೊಳ್ಳೋಣ. ವಯಸ್ಸು ಐವತ್ತರ ಹತ್ತಿರ. ಗೋಡೆಯ ತುಂಬ ಫಲಕಗಳು. ಅಡಕೆ ತೋಟವನ್ನೋ ಒಂದು ಅಂಗಡಿಯನ್ನೋ ನೋಡಿಕೊಂಡಿದ್ದಾನೆ. ಇತ್ತೀಚೆಗೆ ಸಣ್ಣ ಮಾತಿಗೂ ಸಿಡುಕುತ್ತಾನೆ. ಅಂಗಡಿಗೆ ಹೋದವನು ಏಕೆ ಬಂದೆನೆಂಬುದನ್ನು ಮರೆಯುತ್ತಾನೆ. ಮಗನ ಮದುವೆಯ ಲೆಕ್ಕ ಎರಡು ಸಲ ಬರೆದರೂ ಕೂಡುವುದಿಲ್ಲ. ಧ್ವನಿವರ್ಧಕದ ಗದ್ದಲ ಸಹಿಸಲಾರದೆ, ತಾನೇ ಕಟ್ಟಿದ ತಂಡದ ಪಂದ್ಯಾಟಕ್ಕೂ ಹೋಗುವುದನ್ನು ಬಿಟ್ಟಿದ್ದಾನೆ. ರಾತ್ರಿ ನಿದ್ದೆಯಿಲ್ಲ. ಕೆಲವೊಮ್ಮೆ ಬದುಕೇ ಬೇಡವೆನ್ನುತ್ತಾನೆ. ‘ಹೆಸರು ಹೋಯಿತಲ್ಲ, ಅದಕ್ಕೇ ಹೀಗೆ’ ಎನ್ನುವರು ನೆಂಟರು. ‘ಕುಡಿತ ಹೆಚ್ಚಾಗಿರಬೇಕು’ ಎನ್ನುವರು ನೆರೆಯವರು. ‘ಇವರು ಹೀಗಿರಲಿಲ್ಲ’ ಎಂದು ಹೆಂಡತಿ ಮಾತ್ರ ಒಳಗೊಳಗೆ ಕೊರಗುತ್ತಾಳೆ.

ಈ ಮೂವರಲ್ಲಿ ಸತ್ಯಕ್ಕೆ ಹತ್ತಿರವಾದ ಮಾತು ಹೆಂಡತಿಯದು. ಸಿಡುಕು, ದುಡುಕು, ಖಿನ್ನತೆ, ಮರೆವು, ಯೋಜಿಸಿ ಕೆಲಸ ಮಾಡಲಾಗದಿರುವುದು ಇವು ತಲೆಗೆ ಪದೇ ಪದೇ ಏಟು ಬಿದ್ದವರಲ್ಲಿ ವೈದ್ಯರು ಗುರುತಿಸಿರುವ ಲಕ್ಷಣಗಳು. ಕೆಲವರಲ್ಲಿ ಮುಂದೆ ಬುದ್ಧಿಮಾಂದ್ಯವಾಗಲಿ, ಕೈಕಾಲು ನಡುಗುವುದಾಗಲಿ ಸೇರಿಕೊಳ್ಳಬಹುದು. ಹಾಗೆಂದು, ಮರೆವು ಕಾಣಿಸಿಕೊಂಡ ಮಾಜಿ ಆಟಗಾರನೆಲ್ಲ ಸಿ.ಟಿ.ಇ. ರೋಗಿಯೆಂದು ಹೆದರಬೇಕಾಗಿಲ್ಲ. ಆ ಕಾಯಿಲೆಯನ್ನು ಖಚಿತವಾಗಿ ಗುರುತಿಸುವುದು ಇಂದಿಗೂ ಮರಣಾನಂತರ ಮಿದುಳನ್ನು ಪರೀಕ್ಷಿಸಿದಾಗಲೇ ಸಾಧ್ಯ. ಬದುಕಿರುವವನಲ್ಲಿ ಇಂಥವೇ ಲಕ್ಷಣಗಳಿಗೆ ಬೇರೆ ಕಾರಣಗಳೂ ಇರುತ್ತವೆ: ಥೈರಾಯ್ಡಿನ ದೋಷ, ಬಿ-12 ಜೀವಸತ್ವದ ಕೊರತೆ, ಹತೋಟಿಯಿಲ್ಲದ ರಕ್ತದೊತ್ತಡ ಮತ್ತು ಸಕ್ಕರೆ ಕಾಯಿಲೆ, ನಿದ್ರೆಯಲ್ಲಿ ಉಸಿರು ಕಟ್ಟುವುದು, ಮದ್ಯ, ಖಿನ್ನತೆ. ಇವೆಲ್ಲಕ್ಕೂ ಚಿಕಿತ್ಸೆಯಿದೆ. ವೈದ್ಯರ ಬಳಿಗೆ ಹೋಗಬೇಕಾದದ್ದು ಅದಕ್ಕಾಗಿಯೇ. ಸಿ.ಟಿ.ಇ. ಇದ್ದರೂ ನಿದ್ರೆ, ತಲೆನೋವು, ಮನಸ್ಸಿನ ಕುಗ್ಗು ಇವುಗಳಿಗೆ ಮದ್ದು ಕೊಟ್ಟು ಬದುಕನ್ನು ಹಗುರಗೊಳಿಸಲು ಸಾಧ್ಯ.

ಇಲ್ಲಿ ಒಂದು ಸಣ್ಣ ಮಾತು ಬಹಳ ಉಪಕಾರ ಮಾಡುತ್ತದೆ. ವೈದ್ಯರು ಕೇಳದಿದ್ದರೂ, ‘ಇವರು ಇಷ್ಟು ವರ್ಷ ಕಬಡ್ಡಿ ಆಡಿದವರು, ತಲೆಗೆ ಇಷ್ಟು ಸಲ ಏಟು ಬಿದ್ದಿತ್ತು’ ಎಂದು ಮನೆಯವರೇ ಹೇಳಬೇಕು. ಅಡಕೆ ಮರದಿಂದ ಬಿದ್ದದ್ದನ್ನು, ಬೈಕಿನಿಂದ ಉರುಳಿದ್ದನ್ನು ಹೇಳುವ ಜನ ಆಟದ ಏಟನ್ನು ಹೇಳುವುದಿಲ್ಲ. ಅದು ಏಟೆಂದೇ ಅವರಿಗೆ ತೋರಿರುವುದಿಲ್ಲ. ಬುದ್ಧಿಮಾಂದ್ಯವನ್ನು ಕುರಿತು ಲಾನ್ಸೆಟ್ ಪತ್ರಿಕೆ ನೇಮಿಸಿದ ಆಯೋಗವು 2020ರಲ್ಲಿ, ತಡೆಗಟ್ಟಬಹುದಾದ ಕಾರಣಗಳ ಪಟ್ಟಿಗೆ ತಲೆಯ ಏಟನ್ನೂ ಸೇರಿಸಿತು. ಅದೇ ಪಟ್ಟಿಯಲ್ಲಿ ರಕ್ತದೊತ್ತಡ, ಸಕ್ಕರೆ ಕಾಯಿಲೆ, ಧೂಮಪಾನ, ಅತಿಯಾದ ಮದ್ಯ, ಕಿವುಡು, ಒಂಟಿತನಗಳೂ ಇವೆ. ಹಿಂದೆ ಬಿದ್ದ ಏಟನ್ನು ಹಿಂದಕ್ಕೆ ಪಡೆಯಲಾಗದು. ಉಳಿದವನ್ನು ಹತೋಟಿಯಲ್ಲಿಡುವುದು ಇಂದೂ ಕೈಯಲ್ಲಿದೆ.

ಮಂಗಳೂರಿನ ವೆನ್ಲಾಕ್ ಆಸ್ಪತ್ರೆಯೂ ವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳೂ ಈ ಮೂರು ಊರುಗಳಿಗೆ ದೂರವಲ್ಲ. ಬೆಂಗಳೂರಿನಲ್ಲಿ ನಿಮ್ಹಾನ್ಸ್ ಇದೆ. ರಾಜ್ಯ ಸರಕಾರವು ನಿಮ್ಹಾನ್ಸಿನೊಡನೆ ಸೇರಿ, ಮಿದುಳಿನ ಕಾಯಿಲೆಗಳನ್ನು ಊರ ವೈದ್ಯರೇ ಬೇಗನೆ ಗುರುತಿಸುವಂತಾಗಲೆಂದು 2022ರಲ್ಲಿ ‘ಕರ್ನಾಟಕ ಬ್ರೈನ್ ಹೆಲ್ತ್ ಇನಿಶಿಯೇಟಿವ್’ ಎಂಬ ಕಾರ್ಯಕ್ರಮವನ್ನು ಆರಂಭಿಸಿತು. ಬದುಕು ಬೇಡವೆಂಬ ಮಾತು ಬಾಯಲ್ಲಿ ಬಂದರೆ ಅದನ್ನು ಹಗುರವಾಗಿ ಎಣಿಸಬಾರದು. ಟೆಲಿ ಮಾನಸ್ ಸಹಾಯವಾಣಿಗೆ 14416 ಸಂಖ್ಯೆಯಲ್ಲಿ ಕರೆಮಾಡಿದರೆ ಕನ್ನಡದಲ್ಲಿಯೇ ಮಾತಾಡಬಹುದು.

ಅಂಕಣದ ಬದಿಯಲ್ಲಿ ಮಾಡಬೇಕಾದದ್ದು

ಮುಂದಿನ ಪೀಳಿಗೆಯನ್ನು ಕಾಪಾಡುವುದಕ್ಕೆ ದೊಡ್ಡ ಯಂತ್ರಗಳೇನೂ ಬೇಡ. ತಲೆಗೆ ಏಟು ಬಿದ್ದ ಸಂದೇಹ ಬಂದರೂ ಸಾಕು, ಆ ಆಟಗಾರನು ಆ ರಾತ್ರಿ ಮತ್ತೆ ಅಂಕಣಕ್ಕೆ ಇಳಿಯಬಾರದು. ಊರಿನ ಮಟ್ಟದ ಆಟಕ್ಕೆ ಲೋಕದ ತಜ್ಞರೆಲ್ಲ ಒಪ್ಪಿರುವ ಮೊದಲ ನಿಯಮ ಇದು. ಆಡುವೆನೋ ಬಿಡುವೆನೋ ಎಂಬ ತೀರ್ಮಾನವನ್ನು ಏಟು ತಿಂದವನಿಗೇ ಬಿಡಬಾರದು. ತೀರ್ಮಾನಿಸಬೇಕಾದ ಮಿದುಳಿಗೇ ಏಟು ಬಿದ್ದಿರುತ್ತದಲ್ಲವೆ?

ಪದೇ ಪದೇ ವಾಂತಿ, ಹೆಚ್ಚುತ್ತಲೇ ಹೋಗುವ ತಲೆನೋವು, ಸೆಳವು, ಎಬ್ಬಿಸಿದರೂ ಏಳದ ಮಂಪರು, ಒಂದು ಕಣ್ಣಿನ ಪಾಪೆ ಇನ್ನೊಂದಕ್ಕಿಂತ ದೊಡ್ಡದಾಗಿರುವುದು, ಕೈಕಾಲಿನ ಬಲ ಕುಂದುವುದು, ಮೂಗು ಕಿವಿಗಳಿಂದ ರಕ್ತವೋ ತಿಳಿನೀರೋ ಸೋರುವುದು, ಇವುಗಳಲ್ಲಿ ಯಾವುದೊಂದು ಕಂಡರೂ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ಕತ್ತಿಗೆ ಪೆಟ್ಟಾಗಿರುವ ಸಂದೇಹವಿದ್ದರೆ ಎಳೆದಾಡಿ ಎಬ್ಬಿಸಬಾರದು. ಮೊದಲ ರಾತ್ರಿ ಆತನನ್ನು ಒಂಟಿಯಾಗಿ ಬಿಡಬಾರದು, ಮದ್ಯ ಮುಟ್ಟಬಾರದು, ಬೈಕು ನಡೆಸಿಕೊಂಡು ಮನೆಗೆ ಹೋಗಬಾರದು.

ಒಂದೆರಡು ದಿನ ವಿಶ್ರಾಂತಿ. ಅನಂತರ ಮೆಟ್ಟಿಲು ಮೆಟ್ಟಿಲಾಗಿ ಹಿಂದಿರುಗಬೇಕು. ಮೊದಲು ದಿನನಿತ್ಯದ ಕೆಲಸ, ಶಾಲೆಯ ಹುಡುಗನಾದರೆ ಪಾಠ; ಬಳಿಕ ನಡಿಗೆ, ಹಗುರವಾದ ಓಟ; ಬಳಿಕ ಮೈಮುಟ್ಟದೆ ಕಾಲ್ಚಳಕದ ಅಭ್ಯಾಸ; ಬಳಿಕ ಹಿಡಿತವಿಲ್ಲದ ದಾಳಿಯ ಅಭ್ಯಾಸ; ವೈದ್ಯರು ಒಪ್ಪಿದ ಮೇಲೆ ಹಿಡಿತದ ಅಭ್ಯಾಸ; ಕಡೆಗೆ ಪಂದ್ಯ. ಒಂದೊಂದು ಮೆಟ್ಟಿಲಿಗೂ ಕನಿಷ್ಠ ಒಂದು ದಿನ. ತಲೆನೋವು ಮರುಕಳಿಸಿದರೆ ಒಂದು ಮೆಟ್ಟಿಲು ಕೆಳಕ್ಕೆ. ಬ್ರಿಟನ್ನಿನಲ್ಲಿ ಹವ್ಯಾಸಿ ಆಟಗಾರರಿಗೆಂದು 2023ರಲ್ಲಿ ಹೊರಡಿಸಿದ ಸೂಚನೆಯಂತೆ 21 ದಿನಗಳಿಗೆ ಮೊದಲು ಪಂದ್ಯಕ್ಕೆ ಇಳಿಯುವಂತಿಲ್ಲ. ಅಂದರೆ ಈ ವಾರ ಏಟು ತಿಂದವನಿಗೆ ಮುಂದಿನ ಎರಡು ವಾರಗಳ ಪಂದ್ಯಾಟಗಳು ಇಲ್ಲ.

ಅಭ್ಯಾಸದ ರೀತಿಯನ್ನೂ ತಿದ್ದಿಕೊಳ್ಳಬಹುದು. ಒಟ್ಟು ಏಟುಗಳ ಮೊತ್ತವೇ ಮುಖ್ಯವಾದ್ದರಿಂದ, ವಾರದ ಎಲ್ಲ ದಿನವೂ ಪೂರ್ಣಬಲದ ಹಿಡಿತದ ಅಭ್ಯಾಸ ಬೇಡ. ಎಳೆಯ ಹುಡುಗರಿಗೆ ತಲೆ ಬದಿಗೆ ಸರಿಸಿ ಹಿಡಿಯುವುದನ್ನೂ, ಗದ್ದವನ್ನು ಎದೆಗೊತ್ತಿ ಬೀಳುವುದನ್ನೂ ಮೊದಲ ಪಾಠವಾಗಿ ಕಲಿಸಬಹುದು. ಸ್ಕಾಟ್ಲೆಂಡಿನವರು 2020ರಲ್ಲಿ 12 ವರ್ಷದೊಳಗಿನ ಮಕ್ಕಳು ಅಭ್ಯಾಸದಲ್ಲಿ ಚೆಂಡಿಗೆ ತಲೆ ಕೊಡಬಾರದೆಂದು ನಿಯಮ ಮಾಡಿದರು. ಅದರಿಂದ ಫುಟ್‌ಬಾಲು ಮುಳುಗಲಿಲ್ಲ. ಕ್ರಿಕೆಟ್ಟಿನಲ್ಲಿ 2019ರಿಂದ, ತಲೆಗೆ ಏಟು ಬಿದ್ದವನ ಬದಲಿಗೆ ಇನ್ನೊಬ್ಬನು ಆಡಬಹುದು. 2020ರ ಡಿಸೆಂಬರಿನಲ್ಲಿ ಕ್ಯಾನ್‌ಬೆರಾದಲ್ಲಿ ರವೀಂದ್ರ ಜಡೇಜಾ ಬದಲಿಗೆ ಯಜುವೇಂದ್ರ ಚಹಲ್ ಹೀಗೆಯೇ ಇಳಿದದ್ದು ಓದುಗರಿಗೆ ನೆನಪಿರಬಹುದು. ಕಬಡ್ಡಿಯಲ್ಲಿ ಬದಲಿ ಆಟಗಾರರು ಮೊದಲಿಂದಲೂ ಬೆಂಚಿನ ಮೇಲೆ ಸಿದ್ಧರಾಗಿ ಕುಳಿತೇ ಇರುತ್ತಾರೆ. ನಿಯಮ ತಿದ್ದುವವರೆಗೆ ಕಾಯಬೇಕಾಗಿಲ್ಲ; ತರಬೇತುದಾರನು ಮನಸ್ಸು ಮಾಡಿದರೆ ಸಾಕು.

ಪಂದ್ಯಾಟ ನಡೆಸುವ ಮಂಡಲಗಳು ಒಂದು ನಗದು ಬಹುಮಾನವನ್ನು ತುಸು ಕಡಿಮೆ ಮಾಡಿಯಾದರೂ ಅಂಕಣದ ಬದಿಯಲ್ಲಿ ಒಬ್ಬ ವೈದ್ಯರನ್ನೋ ದಾದಿಯನ್ನೋ ಕೂರಿಸಬಹುದು. ಏಟು ಬಿದ್ದವನನ್ನು ಹೊರಗಿಡುವ ಅಧಿಕಾರ ಅವರಿಗೇ ಇರಲಿ. ಧ್ವನಿವರ್ಧಕ ಹಿಡಿದವರೂ ಒಂದು ಉಪಕಾರ ಮಾಡಬಹುದು. ತಲೆ ಹಿಡಿದುಕೊಂಡು ಎದ್ದವನನ್ನು ಮತ್ತೆ ಆಡಲು ಹುರಿದುಂಬಿಸುವ ಬದಲು, ಅವನು ಹೊರನಡೆಯುವಾಗ ಚಪ್ಪಾಳೆ ತಟ್ಟಿರೆಂದು ಜನರನ್ನು ಕೇಳಿಕೊಳ್ಳಬಹುದು.

ಗರಡಿಗಳ ನಾಡಾದ ತುಳುನಾಡಿಗೆ ಮೈಬಲದ ಗೌರವ ಹೊಸತಲ್ಲ. ಗರಡಿಯಲ್ಲಿ ಗುರುವೂ ಇರುತ್ತಿದ್ದ. ಯಾವಾಗ ನಿಲ್ಲಿಸಬೇಕೆಂದು ಹೇಳುವವನು ಅವನು. ಹೊನಲು ಬೆಳಕಿನ ಅಂಕಣಕ್ಕೆ ಇಂದು ಬೇಕಾಗಿರುವುದು ಅಂಥ ಒಬ್ಬನ ಮಾತು. ಈ ರಾತ್ರಿ ‘ಸಾಕು ಮಗಾ, ಕುಳಿತುಕೋ’ ಎಂದು ಹೆಗಲ ಮೇಲೆ ಕೈಯಿಡುವವರಿದ್ದರೆ, ಮೂವತ್ತು ವರ್ಷಗಳ ತರುವಾಯ ಆ ಹುಡುಗನು ಗೋಡೆಯ ಮೇಲಿನ ಫಲಕಗಳನ್ನು ಮೊಮ್ಮಗನಿಗೆ ತೋರಿಸುತ್ತ, ಒಂದೊಂದು ಪಂದ್ಯದ ಕಥೆಯನ್ನೂ ಮರೆಯದೆ ಹೇಳಬಲ್ಲನು.